ಊಟದ ಪಟ್ಟಿಯ ಕೆಳಗಿದ್ದ ಹೆಸರು

ಆ ಮುದ್ದೆ ಮುನ್ನೂರ ನಲವತ್ತು ಗ್ರಾಂ ತೂಗಿತು. ತಕ್ಕಡಿಯ ಮೇಲೆ ಒಂದು ತುಂಡು ಬಾಳೆಲೆ ಹಾಕಿ, ಎಲೆಯ ತೂಕ ಕಳೆದು, ಬಿಸಿ ಆರುವ ಮೊದಲೇ ಬರೆದುಕೊಂಡೆ. ಆ ಮುದ್ದೆ ಉಣ್ಣಬೇಕಾದವರು ಗೋಡೆಗೊರಗಿ ಕೂತು, ಮಗುವಿಗೆ ಸೂಜಿ ಚುಚ್ಚುವಾಗ ಮುಖ ತಿರುಗಿಸುವ ತಾಯಿಯಂತೆ ಬೀದಿಯತ್ತ ನೋಡುತ್ತಿದ್ದರು.

ಸಂತೆಬಾಚಹಳ್ಳಿಯ ಆ ಬೀದಿಯಲ್ಲಿ ಉಣ್ಣುವ ಕೂಳನ್ನು ತೂಗುವುದಿಲ್ಲ. ರಾಗಿ ತೂಗುತ್ತಾರೆ, ಬೆಲ್ಲ ತೂಗುತ್ತಾರೆ, ಡೈರಿಯಲ್ಲಿ ಹಾಲು ಅಳೆಯುತ್ತಾರೆ. ತಟ್ಟೆಗೆ ಬಿದ್ದ ಮೇಲೆ ತೂಗಿದರೆ ಉಣ್ಣುವವರ ಆಯುಷ್ಯ ಕರಗುತ್ತದೆ ಎಂಬ ನಂಬಿಕೆ. ತಕ್ಕಡಿ ಹೊರತೆಗೆದ ಕೂಡಲೇ ಮೊದಲ ಮೂರು ಮನೆಗಳವರು ನಯವಾಗಿಯೇ ನನ್ನನ್ನು ಜಗುಲಿಗೆ ಕಳಿಸಿದ್ದರು. ನಾಲ್ಕನೆಯದು ಇವರ ಮನೆ. ನಾನು ದೊಡ್ಡವ್ವ ಎಂದು ಕರೆಯುತ್ತಿದ್ದೆ. ಐದಾರು ವರ್ಷದಿಂದ ಸಕ್ಕರೆ ಕಾಯಿಲೆ, ಸರ್ಕಾರಿ ಆಸ್ಪತ್ರೆಯ ಮಾತ್ರೆ, ಮೂರು ಹಸು.

"ನಂದ ತೂಗು ಮಗ," ಎಂದಿದ್ದರು. "ವಯಸ್ಸಾಯ್ತು, ಕರಗುದ್ರೂ ಎಷ್ಟು ಕರಗೀತು? ಸೊಸೆದು ಮಾತ್ರ ಮುಟ್ಬೇಡ, ಅವ್ಳು ಬಸ್ರಿ."

ಅವರದನ್ನು ತೂಗಿದ ಮೇಲೆ ಉಳಿದ ಮನೆಗಳೂ ಒಪ್ಪಿದವು.

ಪಾಂಡವಪುರದಲ್ಲಿ ಒಂದು ಸಣ್ಣ ಕ್ಲಿನಿಕ್ಕು. ಆಹಾರ ವಿಜ್ಞಾನದ ಎಂ.ಎಸ್ಸಿ.ಯಲ್ಲಿ ನನಗೆ ಪಾಠ ಹೇಳಿದ್ದ ಮೇಡಂ ಅದನ್ನು ನಡೆಸುತ್ತಿದ್ದರು. ಇಡೀ ತರಗತಿಯಲ್ಲಿ ನನ್ನೊಬ್ಬಳನ್ನೇ ಕರೆದು ಕೆಲಸ ಕೊಟ್ಟಿದ್ದರು. ಪಾಲಹಳ್ಳಿಯ ನಮ್ಮ ಮನೆಯಲ್ಲಿ ಇದೆಂಥ ಕೆಲಸ ಎಂಬುದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ನಮ್ಮತ್ತೆ ಒಬ್ಬರಂತೂ ಮದುವೆಮನೆಯ ಪಂಕ್ತಿಯಲ್ಲೇ, "ಅಷ್ಟೆಲ್ಲಾ ಓದಿ ಉಣ್ಣೋದ ಏಳ್ಕೊಡಕ್ಕೆ ಓಯ್ತಾಳಂತೆ. ಇಷ್ಟ್ ದಿನ ನಾವೇನ್ ಮೂಗಲ್ ಉಣ್ತಿದ್ವಾ?" ಎಂದು ಎಲ್ಲರನ್ನೂ ನಗಿಸಿದ್ದರು. ನಾನೂ ನಕ್ಕೆ. ಮೈಸೂರಿನ ಆಸ್ಪತ್ರೆಯೊಂದರವರು ಎರಡು ವರ್ಷದ ಅನುಭವದ ಪತ್ರ ತಂದರೆ ಕೆಲಸ ಕೊಡುತ್ತೇವೆ ಎಂದಿದ್ದರು. ಆ ಪತ್ರ ಬರೆದುಕೊಡಬೇಕಾದವರು ಮೇಡಂ. ಎರಡು ವರ್ಷ ಎಂದು ಮನಸ್ಸಿನಲ್ಲಿ ಗೆರೆ ಹಾಕಿಕೊಂಡೇ ಸೇರಿದ್ದೆ.

ಕ್ಲಿನಿಕ್ಕಿನಲ್ಲಿ ಕೊಡುತ್ತಿದ್ದ ಊಟದ ಪಟ್ಟಿ ಎಲ್ಲಿಂದಲೋ ಬಂದದ್ದು. ಬೆಳಿಗ್ಗೆ ಓಟ್ಸು, ರಾತ್ರಿ ಎರಡು ಚಪಾತಿ, ಒಂದು ಬಟ್ಟಲು ಪನೀರು. ಅದನ್ನು ತೆಗೆದುಕೊಂಡ ಜನ ಮಡಚಿ ಜೇಬಿಗಿಟ್ಟು, ಮನೆಗೆ ಹೋಗಿ ಮುದ್ದೆ, ಬಸ್ಸಾರು ಉಣ್ಣುತ್ತಿದ್ದರು. ಎಷ್ಟು ಉಣ್ಣುತ್ತೀರಿ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಒಂದು ಮುದ್ದೆ. ಶೀಳನೆರೆಯ ಒಂದು ಮನೆಯ ಮುದ್ದೆ ನೂರ ಎಂಬತ್ತು ಗ್ರಾಂ, ಪಕ್ಕದ ಮನೆಯದು ನಾನೂರರ ಮೇಲೆ. ಕಟ್ಟುವವರ ಕೈಯ ಅಳತೆ ಅದು. ಗದ್ದೆಗೆ ಹೋಗುವವರಿಗೆ ದೊಡ್ಡದು, ಮನೆಯಲ್ಲಿರುವವರಿಗೆ ಚಿಕ್ಕದು, ಕಟ್ಟಿದವಳಿಗೆ ಪಾತ್ರೆಯಲ್ಲಿ ಉಳಿದದ್ದು. ಇದನ್ನು ನಾನು ಒಂದು ವಾರ ಊರುಗಳಲ್ಲಿ ಓಡಾಡಿ ಬಂದು ಹೇಳಿದಾಗ ಮೇಡಂ, ಹಾಗಾದರೆ ಇವರದೇ ಪಟ್ಟಿ ಮಾಡು, ಎಷ್ಟು ದಿನ ಬೇಕಾದರೂ ತಗೋ ಎಂದರು. ಊರುಗಳಿಗೆ ಹೊರಡುವಾಗ ತಕ್ಕಡಿ ಕೊಡಿಸಿದ್ದವರೂ ಅವರೇ.

ಆರು ತಿಂಗಳು ಹಿಡಿಯಿತು. ಕೊನೆಗೆ ನಾನು ಮಾಡಿದ್ದು ಇಷ್ಟೆ: ಹಾಳೆಯ ನಡುವೆ ಒಂದು ವೃತ್ತ ಬರೆದೆ. ಕಟ್ಟಿದ ಮುದ್ದೆಯನ್ನು ಅದರ ಮೇಲಿಟ್ಟರೆ ಗೆರೆ ದಾಟಬಾರದು. ಓದು ಬರದವರಿಗೂ ತಿಳಿಯುತ್ತಿತ್ತು. ಸುತ್ತ ಸೊಪ್ಪು, ಕಾಳು, ಮಜ್ಜಿಗೆ ಎಷ್ಟೆಂದು ಚಿತ್ರ. ಕೆಳಗೆ ಒಂದು ಸಾಲು: ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ರಾತ್ರಿ ಊಟ ಬಿಡಬಾರದು, ಸಕ್ಕರೆ ತೀರಾ ಇಳಿಯುತ್ತದೆ.

ಅಚ್ಚಿಗೆ ಹೋಗುವ ಮುನ್ನ ಮೇಡಂ ಅದರ ಅಡಿಯಲ್ಲಿ ನನ್ನ ಹೆಸರು, ಸಹಿ ಹಾಕಿಸಿದರು. ನಿನ್ನ ಕೆಲಸ, ನಿನ್ನ ಹೆಸರೇ ಇರಲಿ ಎಂದರು. ಒಂದು ಹಾಳೆ ಮನೆಗೆ ಒಯ್ದೆ. ಅಪ್ಪ ಅದನ್ನು ಕ್ಯಾಲೆಂಡರಿನ ಪಕ್ಕದ ಮೊಳೆಗೆ ಚುಚ್ಚಿದರು.

ಅದಾದ ಮೇಲೆ ನನ್ನನ್ನು ನಾಗಮಂಗಲದ ಕಡೆಯ ಶಿಬಿರಗಳಿಗೆ ಹಾಕಿದರು. ಕ್ಲಿನಿಕ್ಕಿಗೆ ವಾರಕ್ಕೊಂದು ಸಲ ಬರುತ್ತಿದ್ದೆ. ಒಮ್ಮೆ ಬಂದಾಗ ಕಪಾಟಿನಲ್ಲಿ ಯಾವುದೋ ಪೌಡರಿನ ಡಬ್ಬಗಳು ಸಾಲಾಗಿದ್ದವು. ನೀರಿಗೆ ಕಲಸಿ ಕುಡಿಯುವುದು, ತೂಕ ಇಳಿಸಿಕೊಳ್ಳುವವರಿಗೆ ಎಂದರು ಮೇಡಂ. ಮಾತ್ರೆಯವರಿಗೆ ಕೊಡಬೇಡಿ ಮೇಡಂ ಎಂದೆ. ಅವರು ಆಗಲಿ ಎಂದು ತಲೆಯಾಡಿಸಿದರು. ಮತ್ತೆ ಬಂದಾಗ ಡಬ್ಬಗಳು ಹೆಚ್ಚಿದ್ದವು. ನಾನು ಕೇಳಲಿಲ್ಲ. ಕೇಳದೇ ಇದ್ದದ್ದು ನನ್ನ ಪಾಲಿನ ತಪ್ಪು.

ನಾನು ಸೇರಿ ಇಪ್ಪತ್ತೆರಡು ತಿಂಗಳಾದಾಗ ದೊಡ್ಡವ್ವನ ಸೊಸೆ ಫೋನು ಮಾಡಿದಳು. ಬೆಳಿಗ್ಗೆ ಹಾಲು ಕರೆಯುತ್ತ ಕೂತಿದ್ದ ಅತ್ತೆ ಹಸುವಿನ ಕಾಲ ಬಳಿಯೇ ಉರುಳಿದ್ದರಂತೆ. ಮೈಯೆಲ್ಲ ಬೆವರು, ಮಾತು ತೊದಲು. ಪಕ್ಕದ ಮನೆಯವರು ಬಾಯಿಗೆ ಬೆಲ್ಲದ ನೀರು ಹಾಕಿ ಉಳಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ತಲುಪಿದೆ. ದೊಡ್ಡವ್ವನ ಕೆನ್ನೆ ಕಲ್ಲಿಗೆ ತರಚಿ ಊದಿತ್ತು. ಬೀದಿಯ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸಿದರು. ಒಬ್ಬರು ಮಾತ್ರ, ನನಗೆ ಕೇಳಲಿ ಎಂದೇ, ಕೂಳು ತೂಗಿದ್ದಕ್ಕೆ ಹೀಗಾಯಿತು ಎಂದರು.

ರಾತ್ರಿ ಏನು ಉಂಡಿರಿ ಎಂದು ಕೇಳಿದೆ.

"ಏನ್ ಉಂಡ್ರು ಅಂದ್ರೆ?" ಎಂದಳು ಸೊಸೆ. "ನೀವೇ ಅಲ್ವಾ ಅಕ್ಕ ಹಿಟ್ಟು ಅನ್ನ ಬುಡ್ಸಿದ್ದು? ಹತ್ ದಿನದಿಂದ ಬರೀ ಆ ಪುಡಿ ನೀರು."

ಕ್ಲಿನಿಕ್ಕಿನವರು ಬೀದಿಗೆಲ್ಲ ಹಂಚಿದ್ದ ಹಾಳೆಯನ್ನು ಗೂಡಿನಿಂದ ತಂದುಕೊಟ್ಟಳು. ಅದೇ ಕಾಗದ, ಅದೇ ಚಿತ್ರಗಳು. ವೃತ್ತ ಇರಲಿಲ್ಲ. ಅದರ ಜಾಗದಲ್ಲಿ ಡಬ್ಬದ ಚಿತ್ರ. ರಾತ್ರಿ ಮುದ್ದೆ, ಅನ್ನ ಬೇಡ, ಎರಡು ಚಮಚ ಪೌಡರು ಸಾಕು ಎಂಬ ಸಾಲು. ಮಾತ್ರೆಯ ಸಾಲನ್ನು ತೆಗೆದಿದ್ದರು. ಕೆಳಗೆ ನನ್ನ ಹೆಸರು, ನನ್ನ ಸಹಿ.

"ಇದು ನಾನು ಬರೆದದ್ದಲ್ಲ ದೊಡ್ಡವ್ವ."

"ನಿನ್ ಎಸ್ರು ಐತೆ ಅಂದ್ಳು ಸೊಸೆ," ಎಂದರು ಅವರು. ಸಿಟ್ಟಿರಲಿಲ್ಲ. "ನಿನ್ ಎಸ್ರು ಇರೋದ್ಕೇ ಕುಡುದ್ನಪ್ಪ. ಇಲ್ದೋದ್ರೆ ಆ ಪುಡಿಯ ನಮ್ಮನೆ ಕರೂನೂ ಮೂಸಕಿಲ್ಲ."

ಮಾತ್ರೆಯ ಚೀಟಿಯೊಂದಿಗೆ ಅವತ್ತೇ ಸರ್ಕಾರಿ ಆಸ್ಪತ್ರೆಗೆ ತೋರಿಸಲು ಹೇಳಿ, ರಾತ್ರಿ ಊಟ ಬಿಡಬೇಡಿ ಎಂದು ಎರಡು ಸಲ ಹೇಳಿ, ಪಾಂಡವಪುರಕ್ಕೆ ಬಂದೆ.

ಮೇಡಂ ಕೊನೆಯ ರೋಗಿಯನ್ನು ಕಳಿಸಿ ನನ್ನನ್ನು ಕೂರಿಸಿದರು. ಹಾಳೆಯನ್ನು ಮೇಜಿನ ಮೇಲಿಟ್ಟೆ. ಅವರು ಸುಳ್ಳು ಹೇಳಲಿಲ್ಲ. ಎರಡು ಸಾಲು ಬದಲಾಗಿದೆ, ಮಾತ್ರೆಯವರನ್ನು ಬೇರೆ ಮಾಡಬೇಕಿತ್ತು, ಅದು ತಪ್ಪಿಹೋಯಿತು, ಮುಂದಿನ ಅಚ್ಚಿನಲ್ಲಿ ಸರಿಮಾಡೋಣ ಎಂದರು. ನನ್ನ ಹೆಸರು ಏಕೆ ಎಂದು ಕೇಳಿದೆ. ನಾನು ಕೇಳಿದ್ದು ಅದೊಂದೇ.

"ನನ್ನ ಹೆಸರು ಹಾಕಿದ್ದರೆ ಯಾರು ತಗೊಳ್ಳೋರು ಹೇಳು," ಎಂದರು. "ಅವರ ಒಲೆ ಮುಂದೆ ಕೂತವಳು ನೀನು. ಅದಕ್ಕೇ ತಾನೇ ನಿನ್ನ ಕಳಿಸಿದ್ದು."

ಮೆಚ್ಚುಗೆಯ ದನಿಯಲ್ಲೇ ಹೇಳಿದರು. ನನ್ನ ಉತ್ತರ ಪತ್ರಿಕೆಗಳನ್ನು ಹಿಂತಿರುಗಿಸುವಾಗ ಇರುತ್ತಿದ್ದ ದನಿ ಅದು. ಆರು ತಿಂಗಳು ನಾನು ತೂಗುತ್ತಿದ್ದುದು ಮುದ್ದೆಯನ್ನು ಎಂದುಕೊಂಡಿದ್ದೆ. ಆ ಹೊತ್ತಿನಲ್ಲೆಲ್ಲ ಇವರು ನನ್ನನ್ನು ಆ ಮನೆಗಳಲ್ಲಿ ಬಿತ್ತುತ್ತಿದ್ದರು. ಅಥವಾ ಮೊದಲು ಹಾಗಿರಲಿಲ್ಲವೇನೋ. ಡಬ್ಬಗಳು ಬಂದ ಮೇಲೆ ಹಾಗಾಯಿತೇನೋ. ಇದು ನನಗೆ ಈಗಲೂ ಗೊತ್ತಿಲ್ಲ.

ಇನ್ನೆರಡು ತಿಂಗಳು ಸುಮ್ಮನಿದ್ದರೆ ಅನುಭವದ ಪತ್ರವನ್ನು ಚೆನ್ನಾಗಿ ಬರೆದುಕೊಡುತ್ತೇನೆ, ಮೈಸೂರಿನವರ ಜೊತೆ ನಾನೇ ಮಾತಾಡುತ್ತೇನೆ ಎಂದೂ ಹೇಳಿದರು. ನಾನು ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಿಸಿ ಮನೆ ಸೇರಿದಾಗ ಅವ್ವ ಊಟಕ್ಕೆ ಕರೆದರು. ತಟ್ಟೆಯ ಮುಂದೆ ಕೂತು, ಕೆಲಸದ ಬಗ್ಗೆ ದಿನವೂ ಹೇಳುವಷ್ಟೇ ಹೇಳಿದೆ, ಹಾಳೆಯ ಮಾತು ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ಪಾಂಡವಪುರದಲ್ಲಿ ಇಳಿದೆ. ಕ್ಲಿನಿಕ್ಕಿನ ಕಡೆ ಹೋಗದೆ ಕೆ.ಆರ್. ಪೇಟೆಯ ಬಸ್ಸು ಹತ್ತಿ, ಅಲ್ಲಿಂದ ಸಂತೆಬಾಚಹಳ್ಳಿಗೆ ಹೋದೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ಬೀದಿಯ ಹದಿನೇಳು ಮನೆಗಳಿದ್ದವು. ದಾರಿಯಲ್ಲಿ ಮೇಡಂ ಮೂರು ಸಲ ಫೋನು ಮಾಡಿದರು. ಮೂರನೆಯದನ್ನು ತೆಗೆದುಕೊಂಡು ಎಲ್ಲಿಗೆ ಹೋಗುತ್ತಿದ್ದೇನೆ, ಏಕೆ ಎಂದು ಹೇಳಿದೆ. ಅವರು ಪತ್ರದ ಆಸೆ ಬಿಟ್ಟುಬಿಡು ಎಂದು ಫೋನು ಇಟ್ಟುಬಿಟ್ಟರು.

ಮೊದಲ ಮನೆಯಾಕೆ ಅಂಗಳ ಗುಡಿಸುತ್ತಿದ್ದರು. ನನ್ನನ್ನು ಕಂಡು ಪೊರಕೆ ಕೆಳಗಿಡಲಿಲ್ಲ. ನನ್ನ ಹೆಸರಲ್ಲಿ ಬಂದ ಹಾಳೆಯಲ್ಲಿ ತಪ್ಪಿದೆ, ಕೊಡಿ ಎಂದೆ.

"ಮೊದ್ಲು ಉಣ್ಣು ಅಂದ್ರಿ, ಆಮೇಕೆ ಬುಡು ಅಂದ್ರಿ. ಇವತ್ ಏಳೋದ ಎಂಗ್ ನಂಬದು?"

ನಂಬಬೇಡಿ, ಮಾತ್ರೆ ಚೀಟಿ ತಗೊಂಡು ದೊಡ್ಡಾಸ್ಪತ್ರೆಯಲ್ಲಿ ಕೇಳಿ, ಅಲ್ಲಿಯವರೆಗೆ ರಾತ್ರಿ ಊಟ ಮಾತ್ರ ಬಿಡಬೇಡಿ ಎಂದೆ. ಆಕೆ ಒಳಗೆ ಹೋಗಿ ಹಾಳೆ ತಂದರು. ಜಗುಲಿಯ ಮೇಲಿಟ್ಟು, ರಾತ್ರಿ ಮುದ್ದೆ ಬೇಡ ಎಂಬ ಸಾಲನ್ನು ಹೊಡೆದುಹಾಕಿದೆ. ಕೆಳಗೆ ನನ್ನ ಹೆಸರಿನ ಮೇಲೂ ಗೆರೆ ಎಳೆದೆ. ಆಮೇಲೆ ಎರಡನೇ ಮನೆಗೆ ಹೋದೆ.