ದೋಷವಿಲ್ಲದ ಹತ್ತು ಸಾಲು

ಬೆಳಿಗ್ಗೆ ಎದ್ದು ಮುಖ ತೊಳೆದ ಕೂಡಲೇ ಅವಳು ಮಾಡುತ್ತಿದ್ದ ಮೊದಲ ಕೆಲಸ ಸರಾಸರಿ ತೆಗೆಯುವುದು. ಅಡುಗೆಮನೆಯ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿದ್ದಳು. ಅದರಲ್ಲಿ ಹದಿನಾಲ್ಕು ವಿಷಯ, ಪ್ರತಿಯೊಂದರ ಎದುರು ಹತ್ತಕ್ಕೆ ಇಷ್ಟು ಎಂದು ಬಂದ ಗ್ರೇಡು. ಎಲ್ಲ ಕೂಡಿಸಿ ಹದಿನಾಲ್ಕರಿಂದ ಭಾಗಿಸಿದರೆ 9.14. ನಿನ್ನೆಯೂ ಅಷ್ಟೇ ಬಂದಿತ್ತು, ಮೊನ್ನೆಯೂ ಅಷ್ಟೇ. ಮನೆಯವರು ಮಲಗಿದ್ದಾಗ ಗ್ರೇಡುಗಳು ಎದ್ದು ಹೋಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೂ ಲೆಕ್ಕ ಮುಗಿಯುವ ತನಕ ಬಾಯಿಗೆ ಟೀ ಮುಟ್ಟಿಸುತ್ತಿರಲಿಲ್ಲ.

ತಂಗಿ ಅವಳಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದಳು. ಇರುವೆಯಂಥ ಸಂಗತಿಯೂ ಇವಳ ಕೈಗೆ ಸಿಕ್ಕರೆ ಆನೆಯಾಗುತ್ತದೆ ಎಂಬುದು ತಂಗಿಯ ದೂರು.

"ಏ ಭೂತಗನ್ನಡಿ, ಇವತ್ತೆಷ್ಟು ಬಂತು?"

"ಒಂಬತ್ತು ಪಾಯಿಂಟ್ ಒಂದು ನಾಲ್ಕು."

"ಅಬ್ಬಾ, ಬದುಕಿಕೊಂಡ್ವಿ! ಅಮ್ಮಾ, ಇನ್ನು ಟೀ ಕೊಡು ಇವಳಿಗೆ."

"ನಗಬೇಡ್ವೇ. ಕೆಮಿಸ್ಟ್ರಿಯಲ್ಲಿ ಆ ಎಂಟು ಬರದೇ ಇದ್ದಿದ್ರೆ ನಾನು ಹೀಗೆ ಒದ್ದಾಡ್ತಿರಲಿಲ್ಲ."

"ನಂಗೆ ಎಂಟು ಬಂದಿದ್ರೆ ಫ್ರೇಮ್ ಹಾಕಿಸಿ ಗೋಡೆಗೆ ಹೊಡೀತಿದ್ದೆ ಕಣೇ."

ಅವಳಿಗೆ ಆಗ ಇಪ್ಪತ್ತೇಳು ವರ್ಷ. ಹತ್ತೊಂಬತ್ತಕ್ಕೆ ಓದು ನಿಲ್ಲಿಸಿ ಸೋದರಮಾವನ ಕನ್ನಡಕದ ಅಂಗಡಿ ಸೇರಿದ್ದಳು. ಡಾಕ್ಟರು ಬರೆದುಕೊಟ್ಟ ಚೀಟಿ ನೋಡಿ ಗಾಜು ಆರಿಸುವುದು, ಫ್ರೇಮಿನ ಆಕಾರಕ್ಕೆ ಅಂಚು ಉಜ್ಜುವುದು, ಕೂರಿಸುವುದು, ಗಿರಾಕಿಯ ಕಿವಿಗೆ ಸರಿಯಾಗಿ ಕಡ್ಡಿ ಬಗ್ಗಿಸುವುದು. ಆರು ವರ್ಷ ಹೀಗೆ ಕಳೆದ ಮೇಲೆ, ಗಾಜು ಬೆಳಕನ್ನು ಯಾಕೆ ಬಗ್ಗಿಸುತ್ತದೆ ಎಂಬ ಪ್ರಶ್ನೆ ತಲೆಗೆ ಹೊಕ್ಕಿತು. ಮಾವನನ್ನು ಕೇಳಿದಳು. "ಬಗ್ಗಿಸದೇ ಇದ್ರೆ ಅಂಗಡಿ ಮುಚ್ಚಬೇಕಾಗುತ್ತೆ, ಅದಕ್ಕೆ" ಎಂದ. ಗಾಜಿನ ಕಂಪನಿಯವನನ್ನು ಕೇಳಿದಳು. ಅವನು ಒಂದು ಕ್ಯಾಲೆಂಡರ್ ಕೊಟ್ಟು ಹೋದ. ಕೊನೆಗೆ ಬೀದಿಯ ಕೊನೆಯಲ್ಲಿದ್ದ ಸಣ್ಣ ಕಾಲೇಜಿನ ಬೆಳಗಿನ ತರಗತಿಗೆ ಸೇರಿದಳು.

ಆ ಕಾಲೇಜಿನಲ್ಲಿ ಎರಡು ವರ್ಷದ ಓದು ಮಾತ್ರ. ಮೂರನೆಯ ವರ್ಷಕ್ಕೆ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗಕ್ಕೇ ಹೋಗಬೇಕು. ಅವರು ಹೊರಗಿನಿಂದ ತೆಗೆದುಕೊಳ್ಳುವುದು ಹನ್ನೆರಡು ಜನರನ್ನು. ಹಿಂದಿನ ವರ್ಷ ಹನ್ನೆರಡನೆಯವನ ಸರಾಸರಿ ಸರಿಯಾಗಿ ಒಂಬತ್ತು. ಅದು ತಿಳಿದ ದಿನದಿಂದ ಅವಳು ಸಸ್ಯಗಳ ಕುಟುಂಬವನ್ನೂ ರಾಜರ ವಂಶಾವಳಿಯನ್ನೂ ಅಂಚು ಉಜ್ಜುವ ಯಂತ್ರದ ಸದ್ದಿನಲ್ಲೇ ಬಾಯಿಪಾಠ ಮಾಡಿದಳು. ದೇವರ ಬಳಿ ಮಾತ್ರ ಗ್ರೇಡು ಕೇಳುತ್ತಿರಲಿಲ್ಲ. ಅಷ್ಟು ಸಣ್ಣದಕ್ಕೆ ಅವನಿಗೆ ತೊಂದರೆ ಕೊಡಬಾರದು ಎಂಬ ಮರ್ಯಾದೆ. ಆದರೆ ಫಲಿತಾಂಶದ ದಿನಗಳಲ್ಲಿ ಕಣ್ಣು ಮುಚ್ಚಿ ನಿಲ್ಲುವ ಹೊತ್ತು ಸ್ವಲ್ಪ ಉದ್ದವಾಗುತ್ತಿತ್ತು. ಅವನಿಗೆ ಅರ್ಥವಾಗಿರಬೇಕು.

ಹದಿನೈದನೆಯದು, ಕೊನೆಯದು, ಮಸೂರದ ಪ್ರಯೋಗಪರೀಕ್ಷೆ. ಅವಳು ಚಿಂತೆ ಮಾಡದೆ ಹೋದ ಪರೀಕ್ಷೆ ಇದೊಂದೇ.

ಒಬ್ಬೊಬ್ಬರಿಗೂ ಒಂದು ಮಸೂರ, ಒಂದು ಉದ್ದದ ಅಳತೆಪಟ್ಟಿ, ಒಂದು ಬಿಳಿ ರಟ್ಟು. ಕಿಟಕಿಯಾಚೆ ದೂರದ ನೀರಿನ ಟ್ಯಾಂಕಿನ ಬಿಂಬ ರಟ್ಟಿನ ಮೇಲೆ ಸ್ಪಷ್ಟವಾಗಿ ಬೀಳುವ ತನಕ ಸರಿಸಬೇಕು, ಮಸೂರಕ್ಕೂ ರಟ್ಟಿಗೂ ಇರುವ ದೂರ ಬರೆಯಬೇಕು. ಹೀಗೆ ಹತ್ತು ಸಲ, ಹತ್ತು ಸಾಲು. ಕೊನೆಯ ಕಾಲಮ್ಮಿನಲ್ಲಿ ಪ್ರತಿ ಅಳತೆಯೂ ಸರಾಸರಿಗಿಂತ ಎಷ್ಟು ಆಚೀಚೆ ಎಂದು ದೋಷ ನಮೂದಿಸಬೇಕು.

ಅವಳು ಮಸೂರವನ್ನು ಕಣ್ಣೆದುರು ಹಿಡಿದು ಎರಡು ಸಲ ಅಲ್ಲಾಡಿಸಿ, ಆಚೆಯ ಕಿಟಕಿ ಸರಳು ಎಷ್ಟು ಸರಿದಂತೆ ಕಾಣುತ್ತದೆಂದು ನೋಡಿದಳು. ಐದು ಪವರಿನ ಗಾಜು. ನೂರನ್ನು ಪವರಿನಿಂದ ಭಾಗಿಸಿದರೆ ದೂರ, ಅಂದರೆ ಇಪ್ಪತ್ತು ಸೆಂಟಿಮೀಟರ್. ಆಮೇಲೆ ಶ್ರದ್ಧೆಯಿಂದ ಅಳೆದಳು ಕೂಡ. 20.4 ಬಂತು, 19.9 ಬಂತು, 20.6 ಬಂತು. ಕನ್ನಡಕದಂಗಡಿಯಲ್ಲಿ ಪವರು ಕಾಲು ಕಾಲಾಗಿ ಏರುತ್ತದೆ: ನಾಲ್ಕೂವರೆ, ನಾಲ್ಕೂಮುಕ್ಕಾಲು, ಐದು. ನಡುವೆ ಯಾವ ಗಾಜೂ ಇಲ್ಲ, ಯಾವ ಡಾಕ್ಟರೂ ಬರೆಯುವುದಿಲ್ಲ. "ಹತ್ತಿರದ ಕಾಲಿಗೆ ಕೂರಿಸು, ಉಳಿದದ್ದನ್ನ ಕಣ್ಣೇ ಸುಧಾರಿಸಿಕೊಳ್ಳುತ್ತೆ" ಎಂದು ಮಾವ ಮೊದಲ ದಿನವೇ ಕಲಿಸಿದ್ದ. ಎಂಟು ವರ್ಷದ ಕೈ ತಾನಾಗಿ ಬರೆಯಿತು: 20.0. ಹತ್ತು ಸಾಲಿಗೂ 20.0. ದೋಷದ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗೆ ಸೊನ್ನೆ. ಇಪ್ಪತ್ತು ನಿಮಿಷಕ್ಕೆ ಎದ್ದಳು. ಉಳಿದವರು ಇನ್ನೂ ಟ್ಯಾಂಕು ಹುಡುಕುತ್ತಿದ್ದರು.

ವಾರ ಕಳೆದು ಫಲಿತಾಂಶ ಬಂತು. ಎಂದೂ ಕಾಣದ ಸಸ್ಯಗಳಲ್ಲಿ ಒಂಬತ್ತು, ಎಂದೋ ಸತ್ತ ರಾಜರಲ್ಲಿ ಹತ್ತು ತೆಗೆದವಳಿಗೆ ಮಸೂರದಲ್ಲಿ ಆರು. ಉತ್ತರದ ಹಾಳೆಯಲ್ಲಿ ಸೊನ್ನೆಗಳ ಪಕ್ಕ ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ: "ದೋಷ ಎಲ್ಲಿ?"

ಬಾಗಿಲ ಹಿಂದಿನ ಸರಾಸರಿ 8.93ಕ್ಕೆ ಇಳಿಯಿತು. ಅರ್ಜಿ ಕಳಿಸಲು ಶುಕ್ರವಾರ ಕೊನೆಯ ದಿನ. ತಂಗಿ ಆ ಬೆಳಿಗ್ಗೆ ಎಷ್ಟು ಬಂತೆಂದು ಕೇಳಲಿಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಲೆನ್ಸಲ್ಲಿ ಆರಾ? ನಿಂಗಾ?" ಎಂದ ಮಾವ, ಬಾಗಿಲತ್ತ ನೋಡಿ ದನಿ ತಗ್ಗಿಸಿದ. "ಹೊರಗೆಲ್ಲೂ ಹೇಳಬೇಡಮ್ಮ, ಗಿರಾಕಿ ಬರಲ್ಲ. ಹೋಗು, ಆ ಮೇಷ್ಟ್ರನ್ನ ಕೇಳು. ತಪ್ಪು ಮಾಡಿದ್ದಕ್ಕೆ ಮಾರ್ಕ್ಸ್ ಕಳೀತಾರೆ. ತಪ್ಪೇ ಇಲ್ಲ ಅಂತ ಕಳೆಯೋರೂ ಇದ್ದಾರೆ ಅಂತ ಈಗಲೇ ಕೇಳಿದ್ದು."

ಬುಧವಾರ ಮಧ್ಯಾಹ್ನ ಪ್ರಯೋಗಾಲಯಕ್ಕೆ ಹೋದಳು. ಮೇಷ್ಟ್ರು ಒಬ್ಬರೇ ಕುಳಿತು ಮಸೂರಗಳನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕುತ್ತಿದ್ದರು. ಒಳ್ಳೆಯ ಮನುಷ್ಯ, ಮಾತು ಮಾತ್ರ ಖಾರ.

"ಬಾಮ್ಮಾ, ಸೊನ್ನೆಗಳ ಮಹಾರಾಣಿ. ಪಕ್ಕದವರದ್ದು ನೋಡಿ ಬರೆದ್ಯೋ, ಮನೇಲೇ ಬರ್ಕೊಂಡು ಬಂದ್ಯೋ?"

"ನಾನು ಕಾಪಿ ಹೊಡೆದಿಲ್ಲ ಸರ್. ಗಾಜು ನೋಡಿದ್ರೇ ನಂಗೆ ಪವರು ಗೊತ್ತಾಗುತ್ತೆ."

"ಓಹೋ! ಹಾಗಿದ್ರೆ ಇದೆಷ್ಟು?" ಎಂದು ಕೈಯಲ್ಲಿದ್ದುದನ್ನೇ ಚಾಚಿದರು.

ಅವಳು ಕಿಟಕಿಯ ಸರಳಿನತ್ತ ಹಿಡಿದು ಮೆಲ್ಲನೆ ಆಡಿಸಿದಳು. "ನಾಲ್ಕು."

ಮೇಷ್ಟ್ರು ಅಳೆದರು. ಇಪ್ಪತ್ತೈದರ ಆಸುಪಾಸು ಬಂತು. ಇನ್ನೊಂದು ಕೊಟ್ಟರು. "ಎರಡೂವರೆ." ಮತ್ತೊಂದು. "ನಾಲ್ಕೂಮುಕ್ಕಾಲು." ಐದಕ್ಕೆ ಐದೂ ಸರಿ ಹೋದಾಗ ಅವರ ಮುಖ ಅರಳಿತು.

"ಎಲ್ಲಿ ಕಲಿತೆ ತಾಯಿ ಇದನ್ನ?"

"ಅಂಗಡೀಲಿ."

ಅವರು ಎದ್ದು ಹೋಗಿ ಅವಳ ಪರೀಕ್ಷೆಯ ಮಸೂರವನ್ನೇ ಹುಡುಕಿ ತಂದರು. "ತಗೋ, ನನ್ನೆದುರಿಗೆ ಒಂದ್ಸಲ ಅಳೆದುಬಿಡು. ಆಮೇಲೆ ಮಾತಾಡೋಣ. ಕಂಡದ್ದನ್ನ ಬಾಯಿಬಿಟ್ಟು ಹೇಳ್ತಾ ಹೋಗು, ನಾನು ಬರೀತೀನಿ."

ಅವಳು ಹೇಳುತ್ತ ಹೋದಳು, ಅವರು ಬರೆಯುತ್ತ ಹೋದರು. ಹತ್ತೂ ಆದ ಮೇಲೆ ಸರಾಸರಿ 20.3. ಅವಳು ಮತ್ತೊಮ್ಮೆ ಹತ್ತು ಸಲ ಅಳೆದಳು, ಯಾರೂ ಹೇಳಿರಲಿಲ್ಲ. ಮತ್ತೆ 20.3. ಆ ಗಾಜು ಸರಿಯಾಗಿ ಐದಾಗಿರಲಿಲ್ಲ, ಐದಕ್ಕೆ ಕೂದಲೆಳೆಯಷ್ಟು ಕಮ್ಮಿ. ಎಂಟು ವರ್ಷದಲ್ಲಿ ತನ್ನ ಕೈಯಿಂದ ಎಷ್ಟು ಗಾಜುಗಳು ಹೀಗೆ ಐದು ಎನ್ನಿಸಿಕೊಂಡು ಹೋದವೋ ಎಂದುಕೊಂಡು ಅವಳು ಮಸೂರವನ್ನು ಮತ್ತೆ ಬೆಳಕಿಗೆ ಹಿಡಿದಳು.

ಮೇಷ್ಟ್ರು ಅಷ್ಟರಲ್ಲಿ ಗ್ರೇಡಿನ ಪಟ್ಟಿ ಬಿಚ್ಚಿದ್ದರು. "ನಿನ್ನದು ಎಂಟು ಪಾಯಿಂಟ್ ಒಂಬತ್ತು ಮೂರು ಆಗಿದೆ ಅಲ್ವಾ? ಹೆಚ್ಚು ಕಡಿಮೆ ಒಂಬತ್ತೇ. ಆರನ್ನ ಏಳು ಮಾಡ್ತೀನಿ, ಸರಿಯಾಗಿ ಒಂಬತ್ತಕ್ಕೆ ಕೂರುತ್ತೆ. ಕೂಡಿಸೋದ್ರಲ್ಲಿ ತಪ್ಪಾಗಿತ್ತು ಅಂತ ಬರೆದ್ರೆ ಯಾರೂ ಕೇಳಲ್ಲ."

ಅವಳು ಪಟ್ಟಿಯನ್ನೇ ನೋಡುತ್ತಿದ್ದಳು. ಪೆನ್ನಿನ ತುದಿ ಅವಳ ಹೆಸರಿನ ಮೇಲಿತ್ತು.

"ಕೂಡಿಸಿದ್ದು ಸರಿಯಾಗೇ ಇದೆ ಸರ್. ಅವತ್ತು ನಂಗೆ ಕಂಡದ್ದೊಂದು, ನಾನು ಬರೆದದ್ದೊಂದು."

"ಅದೆಲ್ಲ ನಂಗೀಗ ಗೊತ್ತಾಯ್ತಲ್ಲಮ್ಮ! ನಿನ್ನಂಥವಳಿಗಲ್ಲದೆ ಇನ್ಯಾರಿಗೆ ಕೊಡ್ಬೇಕು ಆ ಸೀಟು?"

"ಅವರು ಕೊಟ್ರೆ ಹೋಗ್ತೀನಿ. ಕೊಡದಿದ್ರೆ ಬರೋ ವರ್ಷ ಈ ಪರೀಕ್ಷೆ ಮತ್ತೆ ಬರೀತೀನಿ."

"ಒಂದು ವರ್ಷ ಹೋಗುತ್ತೆ ಕಣಮ್ಮ. ಒಂದೇ ಒಂದು ಅಂಕಿ. ಬರೆದುಬಿಡ್ಲಾ?"

ಅವಳು ಮಸೂರವನ್ನು ಹತ್ತಿಯಲ್ಲಿ ಸುತ್ತಿ ಅವರ ಮುಂದಿಟ್ಟಳು.

"ಬೇಡ ಸರ್, ಆರೇ ಇರ್ಲಿ. ಅರ್ಜಿ ಹೀಗೇ ಕಳಿಸ್ತೀನಿ."