ಮೂರನೇ ಸಾಲಿನ ಸಂದು

ವೆಂಚುರಾ ಬಂದರಿನ ಹಿಂದಿನ ಗಲ್ಲಿಯ ಅಂಗಡಿಯೊಂದರಲ್ಲಿ ಡೆಲ್ಫಿನಾ ರುವೆಲಾಸ್ ಮೂವತ್ತೊಂದು ವರ್ಷ ಮೋಜಿನ ದೋಣಿಗಳ ಮೆತ್ತೆಗಳಿಗೆ ಹೊದಿಕೆ ಹೊಲಿದಳು. ದೋಣಿಗಳೆಲ್ಲ ಸಿರಿವಂತರವು. ಅವುಗಳಲ್ಲಿ ಒಂದರಲ್ಲೂ ಅವಳು ಕೂತವಳಲ್ಲ. ತಾನು ಆ ಕರಾವಳಿಯ ಮೂಲನಿವಾಸಿಗಳಾದ ಚುಮಾಶ್ ಕುಲದವಳು, ತನ್ನ ಹಿರಿಯರು ಹಲಗೆಗಳನ್ನು ಹುರಿಯಿಂದ ಹೊಲಿದು ತೊಮೋಲ್ ಎಂಬ ದೋಣಿ ಕಟ್ಟಿ ಎದುರಿನ ದ್ವೀಪಗಳಿಗೆ ಹೋಗಿಬರುತ್ತಿದ್ದರು ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಮನೆಯಲ್ಲಿ ಆ ಮಾತು ಹೆಚ್ಚು ಬರುತ್ತಿರಲಿಲ್ಲ. ಯಾರೇ ಕೇಳಲಿ, ಅಜ್ಜಿ "ನಾವು ಮೆಕ್ಸಿಕೋ ಕಡೆಯೋರು" ಎಂದು ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅಜ್ಜಿಯ ಕಾಲದಲ್ಲಿ ಮೂಲನಿವಾಸಿ ಎಂದವರಿಗಿಂತ ಹಾಗೆ ಹೇಳಿದವರಿಗೆ ತೊಂದರೆ ಸ್ವಲ್ಪ ಕಡಿಮೆ.

ಡೆಲ್ಫಿನಾಳಿಗೆ ನಲವತ್ತೊಂಬತ್ತು ತುಂಬಿದ ವರ್ಷ ಅಣ್ಣ ಲಾಸರೊ ಅವಳನ್ನು ದೋಣಿ ಕಟ್ಟುವ ಕೊಟ್ಟಿಗೆಗೆ ಕರೆದುಕೊಂಡು ಹೋದ. ನೂರು ವರ್ಷಕ್ಕೂ ಹೆಚ್ಚು ಕಾಲ ನಿಂತೇಹೋಗಿದ್ದ ಕೆಲಸವನ್ನು ಕುಲದ ಕೆಲವರು ಮತ್ತೆ ಕೈಗೆತ್ತಿಕೊಂಡಿದ್ದರು; ಲಾಸರೊ ಅವರಲ್ಲೊಬ್ಬ. ಅವಳು ಹಲಗೆಗಳ ಹೊಲಿಗೆಯನ್ನು ಬೆರಳಾಡಿಸಿ ನೋಡಿದಳು.

"ಇದನ್ನ ಹೊಲಿದೋನ ಕೈಗೆ ಅಂಗಿ ಗುಂಡಿನೂ ಕೊಡಬಾರದು" ಎಂದಳು.

ಹೊಲಿದವನು ದಾಯಾದಿ ತಮ್ಮನ ಮಗ ಇಸಿದ್ರೊ. ಅಲ್ಲೇ ನಿಂತಿದ್ದ. "ಹಾಗಾದ್ರೆ ನೀವೇ ಹೊಲೀರಿ, ಅತ್ತೆ" ಎಂದು ನಾರಿನ ಹುರಿಯ ಉಂಡೆಯನ್ನು ಅವಳ ಮಡಿಲಿಗೆ ಎಸೆದ. ಅವತ್ತಿನಿಂದ ಹೊಲಿಗೆ ಅವಳದಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಯೋಪ್ ಕಾಯಿಸುವ ಕೆಲಸವೂ ಅವಳ ಪಾಲಿಗೆ ಬಂತು.

ಯೋಪ್ ಎಂದರೆ ನೆಲದ ಡಾಂಬರು ಮತ್ತು ಪೈನ್ ಮರದ ರಾಳವನ್ನು ಕೂಡಿಸಿ ಕಾಯಿಸಿದ ಅಂಟು. ಹೊಲಿಗೆಯ ತೂತು, ಹಲಗೆಗಳ ನಡುವಿನ ಸಂದು, ಎಲ್ಲವನ್ನೂ ಮುಚ್ಚುವುದು ಅದೇ. ಕಡಿಮೆ ಕಾದರೆ ಅಂಟುವುದಿಲ್ಲ, ಹೆಚ್ಚು ಕಾದರೆ ಗಾಜಿನಂತೆ ಒಡೆಯುತ್ತದೆ. ಡೆಲ್ಫಿನಾ ಪ್ರತಿ ಪಾಕದ ಅಳತೆಯನ್ನೂ ಕಾಯಿಸಿದ ಸಮಯವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಪರೀಕ್ಷೆಗೆ ಕಡ್ಡಿಯೊಂದನ್ನು ಪಾಕದಲ್ಲಿ ಅದ್ದಿ, ಬಕೆಟ್ಟಿನ ಸಮುದ್ರದ ನೀರಿನಲ್ಲಿ ಮುಳುಗಿಸಿ, ಬಗ್ಗಿಸಿ ನೋಡುತ್ತಿದ್ದಳು. ಒಡೆಯದೆ, ಜಾರದೆ ಬಾಗಿದರೆ ಹದ ಸರಿ.

ಡಾಂಬರಿನಲ್ಲಿ ಎರಡು ಬಗೆ. ಒಳನಾಡಿನ ಗುಡ್ಡಗಳಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಸಿಗುವುದು ಒಂದು. ಕಾರ್ಪಿಂಟೀರಿಯಾ ಕಡಲತೀರದ ಮರಳಿನಲ್ಲಿ ಜಿನುಗಿ, ಈಜಲು ಬಂದವರ ಅಂಗಾಲಿಗೆಲ್ಲ ಮೆತ್ತಿಕೊಳ್ಳುವ ಮೆದು ಡಾಂಬರು ಇನ್ನೊಂದು. ಅದರ ಹೆಸರು ಮಲಕ್. ದೋಣಿಗೆ ಗುಡ್ಡದ್ದೇ ಆಗಬೇಕು ಎಂದು ಹಿರಿಯರು ಹೇಳಿಹೋಗಿದ್ದರು. ಯಾಕೆ ಎಂಬುದನ್ನು ಹೇಳಿದವರಿಲ್ಲ.

ಅವಳಿಗೆ ಅರವತ್ತೊಂದಾದ ವರ್ಷ ಗುಡ್ಡದ ದಾರಿ ಬೆಂಕಿಯಿಂದಾಗಿ ಮುಚ್ಚಿತ್ತು. ಹೊಸ ದೋಣಿಯ ಕೊನೆಯ ಸಂದುಗಳನ್ನು ತುಂಬುವಾಗ ಗಟ್ಟಿ ಡಾಂಬರು ಮುಗಿದುಹೋಯಿತು. ಉಳಿದದ್ದು ಬಲಬದಿಯ ಹಲಗೆಗಳ ಮೂರನೇ ಸಾಲಿನಲ್ಲಿ ನಾಲ್ಕು ಅಡಿ ಮಾತ್ರ. ಸಂದು ನೀರಿನ ಮಟ್ಟಕ್ಕಿಂತ ಮೇಲಿತ್ತು. ಡೆಲ್ಫಿನಾ ಮಲಕ್ ತಂದು, ರಾಳ ಎರಡರಷ್ಟು ಹಾಕಿ, ಹೆಚ್ಚು ಹೊತ್ತು ಕಾಯಿಸಿದಳು. ಕಡ್ಡಿ ಪರೀಕ್ಷೆ ಮಾಡಿದಳು. ಕಡ್ಡಿ ಹೇಗೆ ಬಾಗಬೇಕೋ ಹಾಗೆಯೇ ಬಾಗಿತು. ಸಂದು ತುಂಬಿ, ಅದರ ಮೇಲೆ ಕೆಂಪು ಮಣ್ಣಿನ ಬಣ್ಣ ಬಳಿದಳು.

ಶನಿವಾರ ಬೆಳಿಗ್ಗೆ ದೋಣಿಯನ್ನು ಬಂದರಿನಲ್ಲಿ ಇಳಿಸಿ ಒಂದು ಗಂಟೆ ಹುಟ್ಟು ಹಾಕಿದರು. ಒಳಗೆ ಬಂದದ್ದು, ನೀರು ಎತ್ತಿ ಹಾಕುವ ಚಿಪ್ಪಿನಲ್ಲಿ ಎರಡೇ ಚಿಪ್ಪು. ಎಲ್ಲರೂ ಚಪ್ಪಾಳೆ ತಟ್ಟಿದರು. ದ್ವೀಪಕ್ಕೆ ದಾಟುವ ಯಾತ್ರೆ ಮುಂದಿನ ಶನಿವಾರ ಎಂದು ನಾಯಕ ಇಸಿದ್ರೊ ಸಾರಿದ.

ಎಪ್ಪತ್ತನಾಲ್ಕರ ಲಾಸರೊಗೆ ಅದು ಕೊನೆಯ ಯಾತ್ರೆ. ಅವನ ಬಲ ಭುಜ ಸವೆದಿತ್ತು. ಎಂಟು ತಿಂಗಳು ಕಾದು ಸಿಕ್ಕ ಶಸ್ತ್ರಚಿಕಿತ್ಸೆಯ ದಿನ ಯಾತ್ರೆಯಾದ ಮರುವಾರಕ್ಕಿತ್ತು. ಅದಾದ ಮೇಲೆ ಹುಟ್ಟು ಮುಟ್ಟಕೂಡದು ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು.

ಡೆಲ್ಫಿನಾ ಭಾನುವಾರ ನೋಟ್‌ಬುಕ್ಕಿನಲ್ಲಿ ಹಿಂದಿನ ದಿನದ ವಿವರ ಬರೆಯಲು ಕೂತಳು. ನೀರಿನ ಬಿಸಿ ಎಂಬ ಕಾಲಮ್ಮಿಗೆ ಹದಿನಾಲ್ಕು ಡಿಗ್ರಿ ಎಂದು ಬರೆದವಳು ಅಲ್ಲೇ ಪೆನ್ನು ನಿಲ್ಲಿಸಿದಳು. ಹದಿನಾಲ್ಕು ಡಿಗ್ರಿ ನೀರಿನಲ್ಲಿ ಬೆಣ್ಣೆಯೂ ಗಟ್ಟಿಯಾಗುತ್ತದೆ. ಇಷ್ಟು ವರ್ಷ ಅವಳ ಪರೀಕ್ಷೆ ತಣ್ಣೀರಿನ ಪರೀಕ್ಷೆ ಮಾತ್ರ ಆಗಿತ್ತು. ಗುಡ್ಡದ ಡಾಂಬರಿಗೆ ಅಷ್ಟು ಸಾಕಿತ್ತು. ಆದರೆ ಮೂರನೇ ಸಾಲು ನೀರಿನ ಮೇಲಿರುತ್ತದೆ. ಹತ್ತು ತಾಸಿನ ದಾರಿಯಲ್ಲಿ, ಹೊತ್ತು ಹುಟ್ಟಿದ ಮೇಲೆ, ಅದರ ಮೇಲೆ ಬೀಳುವುದು ಬಿಸಿಲು.

ಪಾತ್ರೆಗಳ ತಳದಲ್ಲಿ ಅಂಟಿ ಉಳಿದಿದ್ದ ಎರಡೂ ಪಾಕಗಳನ್ನು ಕಾಯಿಸಿ, ಅವಳು ಎರಡು ಚೂರು ಹಲಗೆಗಳಿಗೆ ಒಂದೊಂದನ್ನು ಬಳಿದು, ಕೆಂಪು ಬಣ್ಣ ಹಚ್ಚಿ, ಟ್ರಕ್ಕಿನ ಹಿಂಭಾಗದಲ್ಲಿ ಬಿಸಿಲಿಗೆ ನಿಲ್ಲಿಸಿಟ್ಟಳು. ಹನ್ನೊಂದು ಗಂಟೆಗೆ ಇಟ್ಟದ್ದು. ಒಂದೂವರೆಗೆ ನೋಡಿದಾಗ ಗುಡ್ಡದ ಪಾಕ ಇದ್ದಂತೆಯೇ ಇತ್ತು. ಮಲಕ್ ಬಳಿದ ಹಲಗೆಯಿಂದ ಕಪ್ಪು ಎಳೆಯೊಂದು ಜಾರಿ ತಗಡಿನ ಮೇಲೆ ಇಳಿದಿತ್ತು.

ಆ ಹಲಗೆಯನ್ನು ಹಿಡಿದುಕೊಂಡು ಅವಳು ಅಣ್ಣನ ಮನೆಗೆ ಹೋದಳು. ಲಾಸರೊ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದ.

"ಏನದು? ನನಗೆ ಬಹುಮಾನನಾ?"

"ಮುಟ್ಟಿ ನೋಡು."

ಮುಟ್ಟಿದ. ಬೆರಳನ್ನು ಮೂಗಿನ ಹತ್ತಿರ ಹಿಡಿದ. "ಮಲಕ್."

"ಮೂರನೇ ಸಾಲಲ್ಲಿ ಇದೇ ಇದೆ, ಅಣ್ಣ. ನಾಲ್ಕು ಅಡಿ. ನಾನೇ ಹಾಕಿದ್ದು."

ಲಾಸರೊ ಇನ್ನೆರಡು ಕಾಯಿ ಬಿಡಿಸಿದ. "ಯಾರಿಗೆಲ್ಲ ಗೊತ್ತು?"

"ನನಗೆ. ಈಗ ನಿನಗೆ."

"ಬೆಂಗಾವಲಿಗೆ ಮೋಟಾರ್ ದೋಣಿ ಬರುತ್ತಲ್ಲ. ನೀರು ಬಂದ್ರೆ ಎತ್ತಿ ಹಾಕಿದ್ರಾಯ್ತು."

"ಹೊಲಿಗೆ ತೂತೆಲ್ಲ ಒಟ್ಟಿಗೆ ಬಿಟ್ಕೊಂಡ್ರೆ ಎಷ್ಟಂತ ಎತ್ತಿ ಹಾಕ್ತೀಯ? ಅದೂ ಆ ಭುಜದಲ್ಲಿ?"

"ನನಗ್ಯಾಕೆ ಹೇಳ್ದೆ ನೀನು?" ಅವನ ದನಿ ಏರಿತು. "ಸುಮ್ನಿದ್ದಿದ್ರೆ ಶನಿವಾರ ಹೋಗಿಬಂದು ಬಿಡ್ತಿದ್ದೆ. ಒಂದು ವಾರ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವಾ ನಿನಗೆ?"

ಡೆಲ್ಫಿನಾ ಹಲಗೆಯನ್ನು ಗೋಡೆಗೆ ಒರಗಿಸಿದಳು. ಅವನ ಎದುರಿನ ಕುರ್ಚಿಯಲ್ಲಿ ಕೂತು ತಾನೂ ಕಾಯಿ ಬಿಡಿಸತೊಡಗಿದಳು. ಬುಟ್ಟಿ ಖಾಲಿಯಾಯಿತು. ಆಮೇಲೆ ಲಾಸರೊ ಕೈ ಒರೆಸಿಕೊಂಡು ಎದ್ದ.

"ನಡಿ. ಇಸಿದ್ರೊ ಊಟ ಮಾಡೋಕೆ ಮುಂಚೆ ಹೇಳೋಣ. ಊಟ ಆದ್ಮೇಲೆ ಹೇಳಿದ್ರೆ ಅಜೀರ್ಣ ಆಯ್ತು ಅಂತ ಅದಕ್ಕೂ ನಿನ್ನೇ ಬೈತಾನೆ."

ಇಸಿದ್ರೊ ಹಲಗೆಯನ್ನು ಬಹಳ ಹೊತ್ತು ತಿರುಗಿಸಿ ನೋಡಿದ.

"ಅತ್ತೆ, ನನ್ನ ಹೊಲಿಗೆಗೆ ಹನ್ನೆರಡು ವರ್ಷದಿಂದ ನಗ್ತಾ ಇದ್ದೀರಿ."

"ನಗ್ತಿದ್ದೆ. ಈಗ ನೀನು ನಗು."

"ನಗೋ ಹಾಗಿಲ್ಲ ಇದು." ಅವನು ಹಲಗೆಯನ್ನು ಕೆಳಗಿಟ್ಟ. "ಮೇಲೆ ಬಳಿದ್ರೆ ನಿಲ್ಲಲ್ವಾ?"

"ಕೆಳಗೆ ಮೆದು ಇದ್ರೆ ಮೇಲಿಂದೂ ಜಾರುತ್ತೆ. ಎರಡು ಹಲಗೆ ಬಿಚ್ಚಬೇಕು. ಕೆರೆದು, ಒಣಗಿಸಿ, ಮತ್ತೆ ಹೊಲೀಬೇಕು. ಗಟ್ಟಿ ಡಾಂಬರು ಬೇರೆ ಎಲ್ಲಿಂದಾದ್ರೂ ತರಿಸಬೇಕು."

"ಎಷ್ಟು ದಿನ?"

"ಮೂರು ವಾರ."

ಇಸಿದ್ರೊ ಲಾಸರೊನ ಮುಖ ನೋಡಿದ. ಶಸ್ತ್ರಚಿಕಿತ್ಸೆಯ ದಿನ ಅವನಿಗೂ ಗೊತ್ತಿತ್ತು. "ದೊಡ್ಡಪ್ಪ, ನೀವು ಹೇಳಿ. ಹಳೇ ದೋಣಿ ಇದ್ದಿದ್ರೆ ಅದ್ರಲ್ಲೇ..."

"ಹಳೇದರ ಬೆನ್ನು ಬಿರುಕು ಬಿಟ್ಟಿದೆ, ನನ್ನ ಹಾಗೇ" ಎಂದ ಲಾಸರೊ. "ನನ್ನನ್ನ ಕೇಳಬೇಡಪ್ಪ. ನನಗೆ ಹೋಗೋ ಆಸೆ. ಆಸೆ ಇರೋನ ಹತ್ರ ಸಲಹೆ ಕೇಳ್ತಾರಾ? ಬಿಚ್ಚಿ."

ಮರುದಿನವೇ ಬಿಚ್ಚಿದರು. ಹುರಿ ಕತ್ತರಿಸಿದವನು ಲಾಸರೊನೇ. ಉತ್ತರದ ತೀರದ ಒಂದು ಕುಟುಂಬ ಹಿತ್ತಲಿನಲ್ಲಿ ಕೂಡಿಟ್ಟಿದ್ದ ಗಟ್ಟಿ ಡಾಂಬರನ್ನು ಗೋಣಿಯಲ್ಲಿ ಹಾಕಿ ಕಳಿಸಿತು. ಯಾತ್ರೆಗೆ ರಜೆ ಹಾಕಿದ್ದ ಮೂವರು ಹುಟ್ಟುಗಾರರು ಡೆಲ್ಫಿನಾಳ ಜತೆ ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ಒಬ್ಬ ಕಾಫಿ ತಂದುಕೊಟ್ಟ. ಅವಳು ನೋಟ್‌ಬುಕ್ಕಿನಲ್ಲಿ ಹೊಸ ಕಾಲಮ್ಮೊಂದನ್ನು ಎಳೆದು "ಬಿಸಿಲಿನಲ್ಲಿ, ಎರಡೂವರೆ ಗಂಟೆ" ಎಂದು ಬರೆದಳು.

ಲಾಸರೊನ ಭುಜಕ್ಕೆ ಶಸ್ತ್ರಚಿಕಿತ್ಸೆ ಆದದ್ದು ನಿಗದಿಯಾಗಿದ್ದ ದಿನದಂದೇ. ಅದನ್ನು ಮುಂದಕ್ಕೆ ಹಾಕಿಸು ಎಂದು ಡೆಲ್ಫಿನಾ ಹೇಳಲಿಲ್ಲ. ಇನ್ನೂ ಎಂಟು ತಿಂಗಳು ಅವನು ಅಂಗಿ ಹಾಕಿಕೊಳ್ಳಲು ಒದ್ದಾಡುವುದನ್ನು ನೋಡುವುದು ಅವಳಿಗೆ ಬೇಡವಾಗಿತ್ತು.

ಮೂರು ವಾರಕ್ಕೆ ದೋಣಿ ಮತ್ತೆ ಸಿದ್ಧವಾಯಿತು. ಯಾತ್ರೆಯ ಹಿಂದಿನ ದಿನ ಅಣ್ಣ ತಂಗಿ ಪ್ರವಾಸಿಗಳ ಹಡಗಿನಲ್ಲಿ ದ್ವೀಪಕ್ಕೆ ಹೋದರು. ಕುಲದವರು ಆ ದ್ವೀಪವನ್ನು ಲಿಮೂ ಎನ್ನುತ್ತಾರೆ. ದೋಣಿಯನ್ನು ಎದುರುಗೊಳ್ಳುವವರೆಲ್ಲ ಹಾಗೆಯೇ ಹೋಗುವುದು. ಡೆಲ್ಫಿನಾ ಅಲ್ಲಿ ಹನ್ನೆರಡು ಸಲ ಕಾದವಳು. ಲಾಸರೊ ಅಷ್ಟೂ ಸಲ ದೋಣಿಯಲ್ಲಿ ಬಂದವನು, ಕಾದು ಗೊತ್ತಿಲ್ಲ. ಮರುದಿನ ಅವನು ಬಲಗೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ತೂಗುಹಾಕಿಕೊಂಡು ಬೆಳಗಿನಿಂದ ತೀರದ ಉದ್ದಕ್ಕೂ ತಿರುಗಿದ.

"ಇನ್ನೂ ಕಾಣಿಸ್ತಾ ಇಲ್ಲ."

"ಕಾಣಿಸಲ್ಲ. ರಾತ್ರಿ ಮೂರಕ್ಕೆ ಹೊರಟೋರು, ಹನ್ನೊಂದು ಆಗ್ಲಿ."

"ಪ್ರತಿ ವರ್ಷನೂ ಹೀಗೇ ಇರುತ್ತಾ?"

"ಇದಕ್ಕಿಂತ ಕಷ್ಟ. ಒಳಗೆ ನೀನಿರ್ತಿದ್ದೆ."

ಲಾಸರೊ ತಿರುಗುವುದನ್ನು ನಿಲ್ಲಿಸಿ ತಂಗಿಯ ಕಡೆ ನೋಡಿದ.

ಹನ್ನೊಂದೂ ಇಪ್ಪತ್ತಕ್ಕೆ ಕೆಂಪು ಚುಕ್ಕೆ ಕಂಡಿತು. ಹನ್ನೆರಡೂವರೆಗೆ ಹುಟ್ಟುಗಳನ್ನು ಎಣಿಸುವಷ್ಟು ಹತ್ತಿರ ಬಂತು. ತೀರದಲ್ಲಿ ಹಾಡು ಶುರುವಾಯಿತು. ಲಾಸರೊ ನೀರಿನ ಕಡೆ ಹೆಜ್ಜೆ ಹಾಕಿದ. ದೋಣಿಯಿಂದ ಇಳಿಯುವುದು ಮಾತ್ರ ಅಭ್ಯಾಸವಿದ್ದ ಅವನಿಗೆ ಎದುರುಗೊಳ್ಳುವಾಗ ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ.

ಡೆಲ್ಫಿನಾ ಅವನ ಒಳ್ಳೆಯ ಕೈಯನ್ನು ಹಿಡಿದು ಎಡಕ್ಕೆ ನಾಲ್ಕು ಹೆಜ್ಜೆ ಸರಿಸಿದಳು.

"ಅಲ್ಲಿ ಬೇಡ, ಅಲೆ ಬೀಳಿಸುತ್ತೆ. ಇಲ್ಲಿ ನಿಲ್ಲು. ದೋಣಿ ಮೂತಿ ಮರಳಿಗೆ ತಾಗೋವರೆಗೂ ಮುಂದೆ ಹೋಗಬಾರದು."

"ಆಮೇಲೆ?"

"ಆಮೇಲೆ, ಅಷ್ಟೊತ್ತು ಕೂತು ಇಳಿಯೋರಿಗೆ ಕಾಲು ನಿಲ್ಲಲ್ಲ. ಒಬ್ಬೊಬ್ಬರನ್ನೇ ಹಿಡ್ಕೋಬೇಕು."

ಲಾಸರೊ ತಲೆಯಾಡಿಸಿದ. ತಂಗಿ ಹೇಳಿದ ಜಾಗದಲ್ಲಿ, ಮೊಣಕಾಲಷ್ಟು ನೀರಿನಲ್ಲಿ, ಎಡಗೈ ಮುಂದೆ ಚಾಚಿ ನಿಂತ.