ಕೋವಿಯಕ್ಕನ ಬೀಗ

ಠಾಣೆಯ ಆಯುಧಕೋಣೆ ಕಾಯುವ ಹೆಂಗಸನ್ನು ಊರೆಲ್ಲ ಕೋವಿಯಕ್ಕ ಎಂದೇ ಕರೆಯುತ್ತದೆ. ಮೊದಲೆಲ್ಲ ಕೋವಿಗಳು ಅವಳ ಕೈಗೆ ಬರುತ್ತಿದ್ದುದು ಕೊಲೆಯಾದ ಮೇಲೆ, ಸಾಕ್ಷಿಯ ಚೀಟಿ ಕಟ್ಟಿಸಿಕೊಂಡು. ಹೊಸ ಕಾನೂನು ಬಂದದ್ದೇ ಊರಿನ ಕೋವಿಗಳೆಲ್ಲ ಅವಳ ಕಪಾಟು ಸೇರಿದವು. ಬೇಕಾದವರು ಇವತ್ತು ಕೇಳಬೇಕು, ನಾಳೆ ಒಯ್ಯಬೇಕು. "ಕೊಲ್ಲೋನಿಗೆ ಚಾಕು ಸಾಲಲ್ವಾ?" ಎಂದು ಗೊಣಗಿದವರಿಗೇನೂ ಕಮ್ಮಿಯಿರಲಿಲ್ಲ. ಅವಳಿಗೂ ಒಳಗೊಳಗೇ ಅದೇ ಅನುಮಾನ.

ಇವತ್ತು ಬೆಳಿಗ್ಗೆ ಬೇಕರಿಯವನು ಕೆಂಡಾಮಂಡಲವಾಗಿ ನುಗ್ಗಿದ. "ಅಕ್ಕಾ, ನನ್ ಕೋವಿ ಕೊಡಿ! ಅಣ್ಣ ನನ್ನ ಕಾಂಪೌಂಡ್ ಗೋಡೆ ಕೆಡವಿಬಿಟ್ಟ!"

"ನಾಳೆ ಬಾಪ್ಪ."

ಅವನು ಬೆಂಚಿನ ಮೇಲೆ ಕುಕ್ಕರಿಸುವಷ್ಟರಲ್ಲಿ ಆ ಅಣ್ಣನೇ ಏದುಸಿರು ಬಿಡುತ್ತಾ ಬಂದ. ಅವನಿಗೂ ಕೋವಿಯೇ ಬೇಕಿತ್ತು! ಕೋವಿಯಕ್ಕ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, "ನಿನಗೂ ನಾಳೆನೇ" ಎಂದಳು.

ಅಣ್ಣತಮ್ಮಂದಿರು ಬಾಯಿಗೆ ಬಂದಂತೆ ಬೈದಾಡಿದರು. ಗಂಟಲು ಒಣಗಿದ ಮೇಲೆ ಇಬ್ಬರ ಸಿಟ್ಟೂ ಅವಳ ಕಡೆ ತಿರುಗಿತು. "ನಮ್ ಕೋವಿ ನಮಗೇ ಕೊಡಲ್ವಂತೆ, ಇವಳ ದರ್ಬಾರು ನೋಡು!" ಎಂದು ತಮ್ಮ ಅಂದರೆ, "ಸೊಕ್ಕು ಕಣೋ!" ಎಂದ ಅಣ್ಣ. ಅವಳಿಗೆ ಹಿಡಿಶಾಪ ಹಾಕುತ್ತಾ ಇಬ್ಬರೂ ಒಟ್ಟಿಗೇ ಮೆಟ್ಟಿಲಿಳಿದರು.

"ಅಷ್ಟು ಬೈದ್ರೂ ಸುಮ್ನಿದೀರಲ್ಲಕ್ಕಾ?" ಎಂದ ಬಾಗಿಲ ಪೇದೆ.

ಅವಳು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ ಖುಷಿಯಿಂದ ನಕ್ಕಳು. "ಬೈಯಲಿ ಬಿಡೋ! ಬೈಯೋಕೆ ಇಬ್ಬರೂ ಇದ್ದಾರಲ್ಲ!"